ಐದನೆಯ ಕೈ

ಹೊಸಮನಿ ಸರ್ ಬೋರ್ಡಿನ ಮೇಲೆ ಕಾರ್ಬನ್ ಬರೆಯುವಾಗ ಎರಡೂ ಕೈ ಬಳಸುತ್ತಿದ್ದರು. ಬಲಗೈ ದೊಡ್ಡದೊಂದು 'ಸಿ' ಬರೆದ ಕೂಡಲೇ ಎಡಗೈ ಬಂದು ಅದರ ಮೇಲೆ ಕೂರುತ್ತಿತ್ತು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು, ಉಳಿದ ನಾಲ್ಕು ಬೆರಳು ಜೇಡದ ಕಾಲಿನ ಹಾಗೆ 'ಸಿ'ಯ ಸುತ್ತ ಊರಿಕೊಂಡು. ಒಂದು ಬೆರಳಿನ ಪಕ್ಕ ಒಂದು ಗೆರೆ ಎಳೆಯುವುದು, ಆ ಬೆರಳನ್ನು ಎತ್ತುವುದು. ಮತ್ತೊಂದು ಗೆರೆ, ಮತ್ತೊಂದು ಬೆರಳು. ಬೋರ್ಡಿನ ಮೇಲೆ ಬೆರಳು ಉಳಿದಿದ್ದರೆ ಕಾರ್ಬನ್ನಿಗೆ ಇನ್ನೂ ಕೈ ಖಾಲಿ ಇದೆ ಎಂದು ಅರ್ಥ. ನಾಲ್ಕೂ ಬೆರಳು ಎದ್ದ ಮೇಲೆ ನಮ್ಮ ಕಡೆ ತಿರುಗಿ, "ತುಂಬತು. ಇನ್ನ ಯಾರಿಗೂ ಜಾಗಾ ಇಲ್ಲ" ಎನ್ನುತ್ತಿದ್ದರು, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಆಟೋದವನು ಹೇಳುವ ಧಾಟಿಯಲ್ಲಿ.

ನಾವೂ ಹಾಗೇ ಮಾಡಬೇಕಿತ್ತು. ಪ್ರಶ್ನೆ ಬಂತೆಂದರೆ, "ಹೆಬ್ಬಟ್ಟು ಮಡಚ್ರಿ" ಎಂಬ ಆಜ್ಞೆ. ಅರವತ್ತು ಹುಡುಗ ಹುಡುಗಿಯರು ಹೆಬ್ಬೆರಳು ಮಡಚಿ, ನೋಟ್‌ಬುಕ್ಕಿನ ಮೇಲೆ ಎಡಗೈ ಊರಿಕೊಂಡು ಕೂತಿರುವುದನ್ನು ಹೊರಗಿನಿಂದ ನೋಡಿದವರು ಇದು ರಸಾಯನಶಾಸ್ತ್ರವೋ ಹಸ್ತಸಾಮುದ್ರಿಕವೋ ಎಂದು ಕೇಳಿದರೆ ತಪ್ಪಿಲ್ಲ. ನಮ್ಮ ಹಿಂದಿನ ಬ್ಯಾಚಿನ ಒಬ್ಬ ಬೋರ್ಡ್ ಪರೀಕ್ಷೆಯಲ್ಲಿ ಕಾರ್ಬನ್ನಿಗೆ ನಾಲ್ಕು ಕೈಗಳಿವೆ ಎಂದೇ ಇಂಗ್ಲಿಷಿನಲ್ಲಿ ಬರೆದು ಬಂದನಂತೆ. ಸರ್ ಅದನ್ನು ಬೇಸರದಿಂದ ಹೇಳುತ್ತಿರಲಿಲ್ಲ. "ನಾಕ ಅಂತ ಬರದಾನ. ಐದು ಅಂತ ಬರದಿಲ್ಲಲ್ಲ" ಎನ್ನುತ್ತಿದ್ದರು.

ಒಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಓದುವವರನ್ನು ಬೆಚ್ಚಿಬೀಳಿಸುವುದು ನನಗೆ ಸರಿಯೆನಿಸುವುದಿಲ್ಲ. ಹೊಸಮನಿ ಸರ್ ನಮಗೆ ಕಲಿಸುತ್ತಿದ್ದ ಎರಡು ವರ್ಷವೂ ಅವರಿಗೆ ಬೋರ್ಡು ಕಾಣುತ್ತಿರಲಿಲ್ಲ. ಕಣ್ಣಿನ ನಡುವಿನ ನೋಟ ಮೊದಲು ಹೋಗಿ ಅಂಚಿನದು ಉಳಿಯುವಂಥ ರೋಗ. ಬಾಗಿಲು ಕಾಣುತ್ತದೆ, ಬೆಂಚು ಕಾಣುತ್ತದೆ, ಎದುರು ನಿಂತವರ ಮುಖ ಕಾಣುವುದಿಲ್ಲ, ಅಕ್ಷರ ಕಾಣುವುದಿಲ್ಲ. ಹಾಗಾಗಿ ಅವರು ಎಲ್ಲಿಯೂ ಎಡವದೆ ಓಡಾಡುತ್ತಿದ್ದರು, ಮತ್ತು ಯಾರಿಗೂ ಅನುಮಾನ ಬರಲಿಲ್ಲ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಅಲ್ಲಿಯವರೆಗೆ ತರಗತಿಯಲ್ಲಿ ನಿಂತಿರಬೇಕೆಂಬುದೊಂದೇ ಅವರ ಆಸೆಯಾಗಿತ್ತು. ಆ ಆಸೆ ಈಡೇರಲಿಲ್ಲ. ಈಡೇರದ ಹಾಗೆ ಮಾಡಿದವಳು ನಾನು.

ಆ ಹೊತ್ತಿನ ನಾನು ಎಂದರೆ ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಫಲಕ ಗೆದ್ದು ಗೆದ್ದು ಮನೆಯ ಶೋಕೇಸು ತುಂಬಿಸಿದ ಹುಡುಗಿ. ಅಪ್ಪನಿಗೆ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ಅಂಗಡಿ. ಗಿರಾಕಿಗಳ ಜತೆ ಎದುರಾಡಿ ಎದುರಾಡಿ ದಣಿದು ಮನೆಗೆ ಬಂದರೆ ನಾನು ಕಾಯುತ್ತಿರುತ್ತಿದ್ದೆ. ಯಾರಾದರೂ 'ಎಲ್ಲರಿಗೂ ಗೊತ್ತಿರುವಂತೆ' ಎಂದು ಮಾತು ಶುರು ಮಾಡಿದರೆ ನನಗೆ ಮೈ ಉರಿಯುತ್ತಿತ್ತು. ಎಲ್ಲರಿಗೂ ಅಂದರೆ ಯಾರಿಗೆ? ಹೇಗೆ ಗೊತ್ತು? ಮೊದಲ ಪಿಯುಸಿಯ ಸಾವಯವ ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ನಾನು ಎದ್ದು ನಿಂತಿದ್ದೆ.

"ನಾಕ ಕೈ ಅಂತ ಯಾರು ನೋಡ್ಯಾರ್ರಿ ಸರ್?"

"ಯಾರೂ ನೋಡಿಲ್ಲವಾ."

"ಮತ್ತ ಹೆಂಗ ನಂಬೂದ್ರಿ?"

"ನಂಬು ಅಂತ ನಾ ಎಲ್ಲಿ ಅಂದೆ? ನಂಬಬ್ಯಾಡ. ಎದುರಿನ ಪಕ್ಷ ತಗೋ."

ಬೇರೆ ಮೇಷ್ಟರಾಗಿದ್ದರೆ ಕೂರಿಸುತ್ತಿದ್ದರು. ಇವರು ಮೇಜಿನ ಕೆಳಗಿನಿಂದ ಚೀಲ ತೆಗೆದರು. ಅದರಲ್ಲಿ ಒಣಗಿದ ಜೋಳದ ದಂಟು. ನಮ್ಮ ಕಡೆ ಚಿಕ್ಕ ಮಕ್ಕಳು ದಂಟಿನ ಒಳಗಿನ ಬೆಂಡನ್ನೂ ಮೇಲಿನ ಸಿಪ್ಪೆಯನ್ನೂ ಬಿಡಿಸಿ, ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಎತ್ತು ಬಂಡಿ ಮಾಡುತ್ತಾರಲ್ಲ, ಅದೇ ದಂಟು. ಸರ್ ಅದರಲ್ಲಿ ಅಣು ಮಾಡುತ್ತಿದ್ದರು. ಬೆಂಡಿನ ತುಂಡು ಪರಮಾಣು, ಸಿಪ್ಪೆಯ ಕಡ್ಡಿ ಬಂಧ. ಹಳ್ಳಿಯಿಂದ ಬರುವ ಹುಡುಗರಿಗೆ ಪ್ರತಿ ಸುಗ್ಗಿಯಲ್ಲಿ ಒಂದು ಕಟ್ಟು ದಂಟು ತರುವ ಕೆಲಸ. ಮೊದಲೆಲ್ಲ ಕಾರ್ಬನ್ನಿನ ಬೆಂಡಿಗೆ ಶಾಯಿ, ಆಕ್ಸಿಜನ್ನಿನದಕ್ಕೆ ಕುಂಕುಮ ಹಚ್ಚುತ್ತಿದ್ದರಂತೆ. ನಮ್ಮ ಕಾಲಕ್ಕೆ ಬಣ್ಣ ಹೋಗಿ ಆಕಾರ ಬಂದಿತ್ತು. ಕಾರ್ಬನ್ನು ಉದ್ದ ತುಂಡು, ಹೈಡ್ರೋಜನ್ನು ಗಿಡ್ಡ, ಕ್ಲೋರಿನ್ನಿಗೆ ತುದಿಯಲ್ಲಿ ಒಂದು ಕಚ್ಚು. ಶಾಯಿ ಕೈಗೆ ಹತ್ತುತ್ತದೆ ಎಂದು ಬಿಟ್ಟಿರಬೇಕು ಅಂದುಕೊಂಡಿದ್ದೆವು. ಬಣ್ಣ ಕಾಣದವರು ಮುಟ್ಟಿ ತಿಳಿಯಲು ಮಾಡಿಕೊಂಡ ವ್ಯವಸ್ಥೆ ಅದು ಎಂದು ಹೊಳೆಯಲಿಲ್ಲ.

ಒಂದು ಕಾರ್ಬನ್ನು, ಎರಡು ಹೈಡ್ರೋಜನ್, ಎರಡು ಕ್ಲೋರಿನ್ ನನ್ನ ಕೈಗೆ ಕೊಟ್ಟು, "ಕಾರ್ಬನ್ ಚಪ್ಪಟಿ ಐತಿ ಅಂತ ತಿಳಕೊಂಡು ಜೋಡಸು. ಎಷ್ಟು ಥರಾ ಮಾಡಬಹುದು ನೋಡು" ಎಂದರು. ಚೌಕದ ನಾಲ್ಕು ಮೂಲೆಯ ಹಾಗೆ ಕಡ್ಡಿ ಚುಚ್ಚಿದೆ. ಎರಡು ಕ್ಲೋರಿನ್ನು ಅಕ್ಕಪಕ್ಕ ಕೂತರೆ ಒಂದು ಥರ, ಎದುರುಬದುರು ಕೂತರೆ ಇನ್ನೊಂದು. ಎರಡು ಅಂದೆ. "ನಿಸರ್ಗದಾಗ ಇದು ಒಂದ ಥರಾ ಸಿಗತದ. ಎಷ್ಟು ಹುಡುಕಿದ್ರೂ ಎರಡನೇದ್ದು ಇಲ್ಲ. ಈಗ ಏನಂತೀ?" ಎಂದರು. ಕಡ್ಡಿಗಳನ್ನು ಕಿತ್ತು, ನಾಲ್ಕೂ ಒಂದರಿಂದ ಒಂದು ಆದಷ್ಟು ದೂರ ಇರುವ ಹಾಗೆ, ಒಂದು ಮೇಲೆ, ಮೂರು ಕೆಳಗೆ ಕಾಲು ಚಾಚಿದ ಹಾಗೆ ಚುಚ್ಚಲು ಹೇಳಿದರು. ಆಮೇಲೆ ಯಾವ ಕಡ್ಡಿಗೆ ಏನು ಸಿಕ್ಕಿಸಿದರೂ, ತಿರುಗಿಸಿ ಹಿಡಿದರೆ ಮೊದಲಿನದೇ. ಹತ್ತು ನಿಮಿಷ ತಿರುಗಿಸಿದೆ. ಒಂದೇ ಥರ. "ಇದನ್ನ ಕಣ್ಣಿಂದ ನೋಡಿ ಯಾರೂ ತಿಳಕೊಂಡಿಲ್ಲ, ವಕೀಲಬಾಯಿ. ಎಣಿಸಿ ತಿಳಕೊಂಡಾರ" ಎಂದರು.

ಅಂದಿನಿಂದ ನನ್ನ ಹೆಸರು ವಕೀಲಬಾಯಿ ಆಯಿತು. ಸೋತ ವಾದ ಅದು, ಆದರೆ ಸೋತಿದ್ದು ಇಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಾಜರಿ ಕರೆದು ಮುಗಿಸಿ, "ವಕೀಲಬಾಯಿ, ಇವತ್ತ ಏನದ ಆಕ್ಷೇಪಣಾ?" ಎಂದು ನನ್ನ ಬೆಂಚಿನ ಕಡೆ ಕುತ್ತಿಗೆ ಓರೆ ಮಾಡುತ್ತಿದ್ದರು. ಓರೆಯಾಗಿ ನೋಡುವುದು ಅವರ ಗತ್ತು ಎಂದು ನಾವು ಭಾವಿಸಿದ್ದೆವು. ಹಾಜರಿಯನ್ನು ಪುಸ್ತಕ ನೋಡದೆ ಬಾಯಿಪಾಠ ಕರೆಯುತ್ತಿದ್ದುದೂ ಗತ್ತೇ. ಧಾರವಾಡದ ಮಾಳಮಡ್ಡಿಯ ಮನೆಯಿಂದ ಹುಬ್ಬಳ್ಳಿಗೆ ಬರಲು ಬೇರೆ ಬಸ್ಸು ಬಿಟ್ಟು ಚಿಗರಿ ಎಂಬ ಎಸಿ ಬಸ್ಸನ್ನೇ ಕಾಯುತ್ತಿದ್ದರು. ತಂಪು ಗಾಳಿಯ ಚಟ ಹತ್ತಿದೆ ಎಂದು ಹುಡುಗರು ನಗುತ್ತಿದ್ದರು. ಚಿಗರಿಯಲ್ಲಿ ಪ್ರತಿ ನಿಲ್ದಾಣದ ಹೆಸರನ್ನು ಕೂಗಿ ಹೇಳುತ್ತದೆ ಎಂಬ ಸಂಗತಿ ನಮ್ಮೆಲ್ಲರ ಕಿವಿಗೂ ದಿನಾ ಬೀಳುತ್ತಿತ್ತು.

ಕಾರ್ಬನ್ನಿನ ಬಗ್ಗೆ ಅವರು ಮನೆಯವರ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಅದು ತನ್ನವರ ಕೈಯನ್ನೇ ಹಿಡಿದು ಸಾಲು ಕಟ್ಟುತ್ತದೆ, ಸುತ್ತು ಕಟ್ಟುತ್ತದೆ. ಬೇರೆಯವಕ್ಕೆ ಇಷ್ಟು ಉದ್ದದ ಬಳಗ ಕಟ್ಟಲು ಬರುವುದಿಲ್ಲ. ಅದಕ್ಕೇ ಮರವೂ ಹತ್ತಿಯೂ ಸಕ್ಕರೆಯೂ ನಮ್ಮ ಚರ್ಮವೂ ಅದರಿಂದ ಆಗಿದೆ. ದ್ವಿಬಂಧದ ದಿನ ಹೇಳಿದ್ದು ನನಗೆ ಹಾಗೇ ನೆನಪಿದೆ: "ಎರಡೂ ಕೈ ಕೊಟ್ಟು ಹಿಡದ್ರ ಭಾಳ ಗಟ್ಟಿ ಅನಸತದ. ಗಟ್ಟೀನ ಅದ. ಆದ್ರ ಯಾರರ ಹೊರಗಿನವರು ಬಂದ್ರಂದ್ರ ಆ ಎರಡನೇ ಕೈ ಮೊದಲ ಬಿಡತದ." ದುರ್ಗದಬೈಲಿನ ಒಂದು ಅಂಗಡಿಯಲ್ಲಿ ಕೆಮಿಕಲ್ ಇಲ್ಲದ ಆರ್ಗ್ಯಾನಿಕ್ ಬೆಲ್ಲ ಎಂದು ಹಲಗೆ ಹಾಕಿದ್ದನ್ನು ನಾನು ಹೇಳಿದಾಗ ಅವರು ಗಂಭೀರವಾಗಿ, "ಕೆಮಿಕಲ್ ತಗದು ಬೆಲ್ಲ ಕೊಡ್ರಿ ಅಂದ್ರ ಬರೀ ಚೀಲಾ ಕೊಡಬೇಕಾಗತದ. ಚೀಲಾನೂ ಕೆಮಿಕಲ್ಲ. ಕಡೀಕ ಅಂವಾ ಏನೂ ಕೊಡೂ ಹಂಗಿಲ್ಲ" ಎಂದಿದ್ದರು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ರೇಣುಕಾ. ಕುಂದಗೋಳದ ಕಡೆಯ ಹಳ್ಳಿಯವಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ನಾವೆಲ್ಲ ಸಂಜೆ ಒಂದಲ್ಲ ಒಂದು ಕೋಚಿಂಗಿಗೆ ಹೋಗುತ್ತಿದ್ದೆವು, ಗೈಡು ಇಟ್ಟುಕೊಂಡಿದ್ದೆವು. ಅವಳು ಸಂಜೆ ಐದರ ಬಸ್ಸು ಹಿಡಿದು ಊರಿಗೆ. ಅವಳಿಗೆ ಇದ್ದದ್ದು ಹೊಸಮನಿ ಸರ್ ಒಬ್ಬರೇ. ಅವರ ಪಾಠದಲ್ಲಿ ಕನ್ನಡ ಇತ್ತು, ಬೆರಳಿತ್ತು, ಜೋಳದ ದಂಟಿತ್ತು. ಬೋರ್ಡಿನ ಮೇಲೆ ಬಂದದ್ದನ್ನು ಅವಳು ಒಂದು ಚುಕ್ಕೆ ಬಿಡದೆ ಇಳಿಸಿಕೊಳ್ಳುತ್ತಿದ್ದಳು. ದಂಟು ತರುವವಳೂ ಹೆಚ್ಚಾಗಿ ಅವಳೇ.

ಎರಡನೆಯ ಪಿಯುಸಿಯ ದೀಪಾವಳಿ ರಜೆ ಮುಗಿದ ಮೇಲೆ ಅದು ನಡೆಯಿತು. ಅಸಿಟೋನಿನ ರಚನೆ ಬರೆಯುತ್ತಿದ್ದರು. ನಡುವೆ ಒಂದು ಕಾರ್ಬನ್ನು. ಮೇಲೆ ಆಕ್ಸಿಜನ್ನಿಗೆ ಎರಡು ಗೆರೆ, ಎರಡು ಬೆರಳು ಎದ್ದವು. ಎಡಕ್ಕೆ ಒಂದು ಗುಂಪು, ಮೂರನೆಯ ಬೆರಳು ಎದ್ದಿತು. ಬಲಕ್ಕೆ ಒಂದು ಗುಂಪು ಬರೆದರು. ಕೊನೆಯ ಬೆರಳು ಇನ್ನೂ ಬೋರ್ಡಿನ ಮೇಲಿತ್ತು, ಅಷ್ಟರಲ್ಲಿ ಸಿಪಾಯಿ ಸುತ್ತೋಲೆಯ ಪುಸ್ತಕ ಹಿಡಿದು ಒಳಗೆ ಬಂದ. ಸರ್ ಕೈ ತೆಗೆದು ಅತ್ತ ತಿರುಗಿದರು. ಎಲ್ಲಿ ಸಹಿ ಮಾಡಬೇಕೆಂದು ಅವನು ಬೆರಳಿಟ್ಟು ತೋರಿಸಿದ, ಮಾಡಿದರು. ವಾಪಸು ಬೋರ್ಡಿಗೆ ಬಂದು, ಎಡಗೈಯಿಂದ ತಡವಿ 'ಸಿ'ಯ ಜಾಗ ಹುಡುಕಿ, ಉಳಿದಿದ್ದ ಆ ಒಂದು ಬೆರಳನ್ನು ಮತ್ತೆ ಊರಿ, ಅದರ ಪಕ್ಕ ಕೆಳಮುಖವಾಗಿ ಇನ್ನೊಂದು ಗೆರೆ ಎಳೆದು, ಅದರ ತುದಿಗೆ ಒಂದು ಹೈಡ್ರೋಜನ್ ಬರೆದರು. "ತುಂಬತು" ಎಂದು ತಿರುಗಿದರು.

ಬೇರೆ ಯಾವ ತಪ್ಪಾದರೂ ನಾನು ಬಿಟ್ಟುಬಿಡುತ್ತಿದ್ದೆನೋ ಏನೋ. ಇದು ಅವರದೇ ಕಾನೂನು. ಎದ್ದು ನಿಂತು, ವೇದಿಕೆಯ ಮೇಲಿನ ದನಿಯಲ್ಲಿ, "ಸರ್, ಇದಕ್ಕ ಐದು ಕೈ ಅದಾವ್ರಿ" ಅಂದೆ. ತರಗತಿ ಗೊಳ್ಳೆಂದಿತು.

"ಎಲ್ಲಿ?" ಎಂದರು.

"ಎದುರಿಗೇ ಐತಲ್ರಿ ಸರ್. ಎಣಿಸ್ರಿ."

ಅವರು ಬೋರ್ಡಿನ ಕಡೆ ತಿರುಗಿ ನಿಂತರು. ಬಹಳ ಹೊತ್ತು ನಿಂತರು. ಕುತ್ತಿಗೆಯನ್ನು ಎಡಕ್ಕೆ ಓರೆ ಮಾಡಿದರು, ಬಲಕ್ಕೆ ಓರೆ ಮಾಡಿದರು. ಹಿಂದಿನ ಬೆಂಚಿನವರು ಅದನ್ನೂ ಅಣಕಿಸಿದರು. ಆಮೇಲೆ ಅಂಗೈಯಿಂದ ಇಡೀ ರಚನೆಯನ್ನು ಒರೆಸಿ, ಪುಸ್ತಕದಲ್ಲಿ ನೋಡಿ ಬರೆದುಕೊಳ್ಳಿ ಎಂದು ಹೇಳಿ ಕೂತರು. ಅವರು ಪಾಠದ ನಡುವೆ ಕೂತದ್ದನ್ನು ನಾವು ಅದೇ ಮೊದಲು ನೋಡಿದ್ದು.

ಒಮ್ಮೆ ಹುಡುಕಲು ಶುರು ಮಾಡಿದರೆ ಸಿಗದೆ ಇರುತ್ತದೆಯೇ. ನನ್ನ ಬಳಿ ಪಟ್ಟಿ ಬೆಳೆಯಿತು. ಬೆಂಜೀನಿನ ಷಟ್ಕೋನದಲ್ಲಿ ಒಂದು ದ್ವಿಬಂಧ ಹೆಚ್ಚು. ಕಿರುಪರೀಕ್ಷೆಯಲ್ಲಿ ರಚನೆಗಳಿಗೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ. ಪ್ರಯೋಗಾಲಯದಲ್ಲಿ ಬಣ್ಣ ಬದಲಾಯಿತೇ ಎಂದು ನಮ್ಮನ್ನೇ ಕೇಳುವುದು. ಡಿಸೆಂಬರಿನಲ್ಲಿ ಕೆಲವು ಪಾಲಕರು ಪ್ರಿನ್ಸಿಪಾಲರ ಬಳಿ ದೂರು ಒಯ್ದರು. ಅವರು ತರಗತಿಯ ಪ್ರತಿನಿಧಿಯಾದ ನನ್ನನ್ನು ಕರೆಸಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡು ಎಂದರು. ಬರೆದೆ. ಎರಡು ಪುಟ, ಏಳು ಅಂಶ. ಒಂದೊಂದಕ್ಕೂ ದಿನಾಂಕ, ಪಾಠದ ಹೆಸರು, ಸಾಕ್ಷಿ. ಆರನೆಯ ಅಂಶಕ್ಕೆ ರೇಣುಕಾಳ ನೋಟ್‌ಬುಕ್ ಇಸಿದುಕೊಂಡು ಅದರಲ್ಲಿದ್ದ ತಪ್ಪು ರಚನೆಗಳನ್ನು ಎಣಿಸಿ ಬರೆದಿದ್ದೆ: ಈ ವಿದ್ಯಾರ್ಥಿನಿಗೆ ಬೇರೆ ಆಧಾರವಿಲ್ಲ, ಇವಳು ಇದನ್ನೇ ಓದಿ ಪರೀಕ್ಷೆ ಬರೆಯಲಿದ್ದಾಳೆ ಎಂದು. ನೋಟ್‌ಬುಕ್ ಯಾಕೆ ಬೇಕೆಂದು ರೇಣುಕಾ ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ನನ್ನ ಬರವಣಿಗೆಗಳಲ್ಲೇ ಬಿಗಿಯಾದದ್ದು ಅದು ಎಂದು ನನಗೆ ಹೆಮ್ಮೆಯಿತ್ತು.

ಎರಡು ದಿನದ ಮೇಲೆ ನನ್ನನ್ನು ಮತ್ತೆ ಕರೆಸಿದರು. ಒಳಗೆ ಹೊಸಮನಿ ಸರ್ ಕುರ್ಚಿಯಲ್ಲಿದ್ದರು, ಪ್ರಿನ್ಸಿಪಾಲರು ನನ್ನ ಪತ್ರವನ್ನು ಅವರ ಕೈಗೆ ಕೊಟ್ಟಿದ್ದರು. ಸರ್ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಓದಿ ಉತ್ತರ ಕೊಡುತ್ತೇನೆ ಎಂದರಂತೆ. ಇಲ್ಲಿಯೇ ಓದಿ ಎಂದು ಪ್ರಿನ್ಸಿಪಾಲರು. ಸರ್ ಪತ್ರವನ್ನು ಮತ್ತೆ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಬರದಾಕಿ ಬಂದಾಳೇನು?" ಎಂದರು ಸರ್.

"ಬಂದೇನ್ರಿ ಸರ್."

"ಹಂಗಾರ ನೀನ ಓದವಾ. ನಾ ಕೇಳತೇನಿ."

ನಾನು ಓದಿದೆ. ಅಭ್ಯಾಸಬಲ. ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ ಓದಿದೆ ಎಂಬುದನ್ನು ನೆನೆದರೆ ಈಗಲೂ ನನಗೆ ಎದ್ದು ಹೋಗಿಬಿಡೋಣ ಅನಿಸುತ್ತದೆ. ಪ್ರತಿ ಅಂಶ ಮುಗಿದಾಗಲೂ ಅವರು, "ಇದು ಖರೇ" ಎನ್ನುತ್ತಿದ್ದರು, ಮೌಖಿಕ ಪರೀಕ್ಷೆಯಲ್ಲಿ ಅಂಕ ಹಾಕುವ ಹಾಗೆ. ಆರನೆಯದಕ್ಕೆ ಮಾತ್ರ ಏನೂ ಅನ್ನಲಿಲ್ಲ. ಎಷ್ಟು ತಪ್ಪು ಅಂದಿ ಎಂದು ಕೇಳಿದರು. ಹೇಳಿದೆ. ಏಳನೆಯದು ಮುಗಿದ ಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, "ನನಗ ಕಾಣೂದಿಲ್ರಿ ಸರ್. ಮೂರು ವರ್ಷದ ಮ್ಯಾಲೆ ಆತು. ರಾಜೀನಾಮಾ ಯಾರರ ಬರೀರಿ, ಸಹಿ ಎಲ್ಲಿ ಅಂತ ಬಟ್ಟಿಟ್ಟು ತೋರಸ್ರಿ, ಮಾಡತೇನಿ" ಎಂದರು.

ಹೊರಗೆ ವರಾಂಡದಲ್ಲಿ ನಾನು ಅವರ ಹಿಂದೆ ಹೋದೆ. ಅವರೇ ನಿಂತರು. ಮದ್ಯಸಾರ ಮತ್ತು ಈಥರ್ ಪಾಠ ನೆನಪಿದೆಯೇ ಎಂದು ಕೇಳಿದರು. ಎರಡು ಕಾರ್ಬನ್ನು, ಆರು ಹೈಡ್ರೋಜನ್ನು, ಒಂದು ಆಕ್ಸಿಜನ್ನು. ಒಂದು ರೀತಿ ಜೋಡಿಸಿದರೆ ದ್ರವ, ಇನ್ನೊಂದು ರೀತಿ ಜೋಡಿಸಿದರೆ ಅನಿಲ. ನೆನಪಿದೆ ಅಂದೆ. "ಏಳು ಅಂಶ ಕೂಡಿಸಿದಿ, ಒಂದೂ ಸುಳ್ಳಿಲ್ಲ. ಅವ ಸಾಮಾನು ಬ್ಯಾರೆ ರೀತೀಲೆ ಜೋಡಸಾಕ ಬರತದೇನು ಅಂತ ಒಂದ ಸಲ ನೋಡಬೇಕಿತ್ತವಾ" ಎಂದು ಹೇಳಿ, ಗೋಡೆ ಹಿಡಿಯದೆ, ಎಂದಿನ ಹಾಗೆ ನೆಟ್ಟಗೆ ನಡೆದು ಹೋದರು.

ಆ ವರ್ಷ ನಮ್ಮ ತರಗತಿಯಲ್ಲಿ ರಸಾಯನಶಾಸ್ತ್ರದಲ್ಲಿ ನಪಾಸಾದವಳು ರೇಣುಕಾ. ಅವಳ ಮನೆಯಲ್ಲಿ ಎರಡನೆಯ ಸಲ ಪರೀಕ್ಷೆಗೆ ಕಟ್ಟಲು ಬಿಡಲಿಲ್ಲ. ಸರ್ ಅವರ ತಪ್ಪು ಟಿಪ್ಪಣಿಗಳಿಂದ ನಪಾಸಾದಳೋ, ಡಿಸೆಂಬರಿನಲ್ಲಿ ಅವರು ಹೋದ ಮೇಲೆ ಬಂದ ಹೊಸ ಮೇಷ್ಟರು ಇಂಗ್ಲಿಷಿನಲ್ಲಿ ಓದಿ ಹೇಳಿ ಹೋದದ್ದು ತಲೆಗೆ ಹೋಗದೆ ನಪಾಸಾದಳೋ, ಅಂದರೆ ಅವರು ಇದ್ದದ್ದು ಕಾರಣವೋ ಅವರನ್ನು ನಾನು ಹೊರಗೆ ಹಾಕಿಸಿದ್ದು ಕಾರಣವೋ, ಇದಕ್ಕೆ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲದ ಮೇಲೆ ಎರಡೂ ಕಡೆಯವರು ವಾದಿಸಬಹುದು. ನಾನು ಎರಡೂ ಕಡೆಯಿಂದ ವಾದಿಸಿ ನೋಡಿದ್ದೇನೆ.

ನಾನು ಕಾನೂನು ಓದಲು ಸೇರಿದೆ. ನಾಲ್ಕು ವರ್ಷ ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಹೋದ ವರ್ಷ ದುರ್ಗದಬೈಲಿನ ಒಂದು ಸೀರೆ ಅಂಗಡಿಯಲ್ಲಿ ರೇಣುಕಾ ಗಲ್ಲಾದ ಆಚೆ ಸೀರೆ ಮಡಚುತ್ತ ನಿಂತಿದ್ದಳು. ನನ್ನನ್ನು ನೋಡಿ ನಕ್ಕಳು. ಏನೇನೋ ಮಾತಾಡಿ ಆದ ಮೇಲೆ ತಾನಾಗಿಯೇ, "ಸರ್ ಮನಿಗೆ ಹೋಗಿದ್ದಿ ಏನ? ಕಿಡ್ನಿ ಹೋಗ್ಯಾವ. ಪೂರಾ ಕಾಣೂದಿಲ್ಲ ಈಗ. ನಾ ಎರಡು ಸಲ ಹೋಗಿ ಬಂದೆ. ನಿನ್ನ ಕೇಳಿದ್ರು" ಎಂದಳು. ನಿನಗೆ ಅವರ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. ಅವಳು ಮಡಚಿದ ಸೀರೆಯನ್ನು ಸಾಲಿಗೆ ಸೇರಿಸಿ, "ಅವರೊಬ್ರ ನನಗ ತಿಳಿಯೂ ಹಂಗ ಹೇಳ್ತಿದ್ರು ಬಿಡು" ಎಂದಳು. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳುವ ಧೈರ್ಯ ಬರಲಿಲ್ಲ.

ಮಾಳಮಡ್ಡಿಯ ಆ ಮನೆಯಲ್ಲಿ ಬಾಗಿಲು ತೆಗೆದವರು ಶಾಂತಾ ಕಾಕು, ಸರ್ ಅವರ ಹೆಂಡತಿ. ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಆ ವರ್ಷಗಳಲ್ಲಿ ನಮ್ಮ ಉತ್ತರಪತ್ರಿಕೆ ಓದಿ ಹೇಳುತ್ತಿದ್ದವರು ಅವರೇ ಎಂದು ಆ ದಿನ ಗೊತ್ತಾಯಿತು. ಮೊಮ್ಮಗನ ಪುಸ್ತಕದಿಂದ ಇಂಗ್ಲಿಷ್ ಅಕ್ಷರ ಕಲಿತು, ಸಿ, ಎಚ್, ಮೂರು, ಎಂದು ಒಂದೊಂದೇ ಅಕ್ಷರ ಓದುತ್ತಿದ್ದರಂತೆ. ರಚನೆ ಬಂದರೆ ಕಡ್ಡಿ ಎಣಿಸುವುದು. "ನಾಕ ಅದಾವ್ರಿ ಅಂತಿದ್ದೆ, ಹಾಕು ಅಂಕಾ ಅಂತಿದ್ರು. ಒಮ್ಮೊಮ್ಮಿ ನನಗೂ ನಿದ್ದಿ ಬಂದು ಐದು ಇದ್ರೂ ನಾಕ ಅಂದಿರಬೇಕು ತಂಗಿ, ಯಾರಿಗ್ಗೊತ್ತು" ಎಂದರು. ಎಲ್ಲರಿಗೂ ಒಂದೇ ಅಂಕ ಎಂಬ ನನ್ನ ಮೂರನೆಯ ಅಂಶ ಅದು.

ಸರ್ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಮೈ ಇಳಿದು ಅಂಗಿ ಯಾರದೋ ಅನ್ನಿಸುತ್ತಿತ್ತು, ಕಾಲು ಮಾತ್ರ ಬಾತಿದ್ದವು. ನಾನು ಒಂದು ಮಾತು ಆಡಿದ ಕೂಡಲೇ ದನಿ ಗುರುತು ಹಿಡಿದು, ಬಾ ವಕೀಲಬಾಯಿ ಎಂದರು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಕ್ಷಮೆಯನ್ನು ಶುರು ಮಾಡಿದೆ. ಎರಡು ವಾಕ್ಯ ಆಗಿರಲಿಲ್ಲ, ಕೈ ಎತ್ತಿದರು.

"ಕ್ಷಮಾ ಕೇಳಿದ್ರ ನಾ ಹೂಂ ಅನಬೇಕಾಗತದ. ಅಲ್ಲಿಗೆ ಮುಗೀತದ. ಅದು ಬ್ಯಾಡ. ಒಂದ ಕೆಲಸಾ ಮಾಡು. ಹೊಸಮನಿ ಮಾಸ್ತರ ಕಣ್ಣು ಹೋಗಿದ್ದು ಮುಚ್ಚಿಟ್ಟು ಪಾಠಾ ಹೇಳಿದ್ದು ಸರಿ ಅದ. ಇದು ವಿಷಯ. ನೀ ಪರ. ಎದ್ದು ನಿಂತು ಮಾತಾಡು."

ತಮಾಷೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಕಾಕು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. ನಾನು ಎದ್ದು ನಿಂತೆ. ಮಂಚದ ಮುಂದೆ, ಅಷ್ಟೇ ಜಾಗದಲ್ಲಿ. ಶುರು ಮಾಡಿದೆ. ನಿಜ ಹೇಳಿದ್ದರೆ ಕಾಲೇಜು ಮರುದಿನವೇ ಬೀಳ್ಕೊಡುತ್ತಿತ್ತು, ಕಾಣದವರಿಗೂ ಕಲಿಸುವ ಹಕ್ಕಿದೆ ಎಂಬ ಕಾನೂನು ಪುಸ್ತಕದಲ್ಲಿ ಇರುತ್ತಿತ್ತು ಅಷ್ಟೆ. ಕಲಿಸುವುದಕ್ಕೆ ಬೇಕಾದದ್ದು ಕಣ್ಣಲ್ಲ, ಕ್ರಮ; ಆ ಕ್ರಮ ಇವರ ಬೆರಳಿನಲ್ಲಿತ್ತು. ಬೋರ್ಡಿನ ಮೇಲಿನ ಅಂಥ ತಪ್ಪನ್ನು ಕಣ್ಣಿದ್ದವರೂ ಮಾಡುತ್ತಾರೆ. ತಪ್ಪು ಹಿಡಿಯುವ ವಿದ್ಯೆಯನ್ನು ಇವರೇ ಕಲಿಸಿದ್ದರು, ಅದರಿಂದಲೇ ತಪ್ಪು ಸಿಕ್ಕಿಬಿತ್ತು. ಚೆನ್ನಾಗಿ ಹೋಗುತ್ತಿತ್ತು. ಸರ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಎದುರಿನ ಪಕ್ಷ ಏನು ಹೇಳಬಹುದು ಎಂದು ಮುಂಚೆಯೇ ಊಹಿಸಿ ಅದಕ್ಕೆ ಉತ್ತರ ಕೊಡುವುದು ನಮ್ಮ ಅಭ್ಯಾಸ. ಆ ಜಾಗಕ್ಕೆ ಬಂದೆ. ಬಂದು ನಿಂತುಬಿಟ್ಟೆ.

"ಮುಂದ?" ಎಂದರು.

"ರೇಣುಕಾ ಅದಾಳ್ರಿ ಸರ್."

"ಹೂಂ."

ಅವರು ಕಣ್ಣು ತೆರೆದರು. ತೆರೆದ ಕಣ್ಣು ನನ್ನ ಕಡೆ ಇರಲಿಲ್ಲ.

"ನಾನೂ ಅಲ್ಲೀತನಕ ಬಂದು ನಿಂತೇನವಾ. ನಾಕ ವರ್ಷ ಆತು. ಆಕಿ ಇಲ್ಲಿ ಬಂದು ನನ್ನ ಕಾಲಿಗೆ ಎಣ್ಣಿ ಹಚ್ಚಿ ಹೋದಳು. ಅವತ್ತಿಂದಂತೂ ಮುಂದ ಹೋಗಾಕ ಬರವಲ್ದು."

ಕಾಕು ಚಹ ತಂದರು. ಸರ್ ಅವರಿಗೆ ಅಳತೆ ಮಾಡಿದ ಅರ್ಧ ಕಪ್ಪು, ಕಿಡ್ನಿ ಹೋದದ್ದಕ್ಕೆ ಡಾಕ್ಟರು ಅಷ್ಟೇ ನೀರಿಗೆ ಅನುಮತಿ ಕೊಟ್ಟಿದ್ದರು. ಹೊರಡುವಾಗ, ಮುಂದಿನ ರವಿವಾರ ಬಾ, ವಿಚಾರ ಮಾಡಿಕೊಂಡು ಬರೆದುಕೊಂಡು ಬಾ ಎಂದರು. ಬಾಗಿಲವರೆಗೆ ಹೋದವಳನ್ನು ಮತ್ತೆ ಕೂಗಿ, "ಆಕಿನ್ನ ಬಿಟ್ಟು ಗೆಲ್ಲಬ್ಯಾಡ ಮತ್ತ" ಎಂದರು.

ಆ ವಾರ ನಾನು ಬೇರೆ ಏನನ್ನೂ ಓದಲಿಲ್ಲ. ನಾಲ್ಕು ಪುಟ ಬರೆದೆ, ಹರಿದೆ, ಬರೆದೆ. ಶುಕ್ರವಾರ ಬೆಳಿಗ್ಗೆ ರೇಣುಕಾ ಫೋನು ಮಾಡಿದಳು, ಸರ್ ಹೋದರು ಎಂದು. ನಾನು ಮಾಳಮಡ್ಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಜನ ಕೈಕಾಲು ತೊಳೆಯುತ್ತಿದ್ದರು.

ರವಿವಾರ ಹೋದೆ, ಹೇಳಿದ್ದರು ಎಂದು. ಮಂಚ ಮಡಚಿ ಗೋಡೆಗೆ ನಿಲ್ಲಿಸಿದ್ದರು. ಬಂದವರೆಲ್ಲ ಎದ್ದು ಹೋದ ಮೇಲೆ ಕಾಕು, ಅವರು ಏನೋ ಬರಿಯಾಕ ಹೇಳಿದ್ರಲ್ಲ, ತಂದೀ ಏನು, ಓದು ಎಂದರು. ಬೇಡ ಅಂದೆ. "ಓದವಾ. ನಾನೂ ಅವತ್ತ ಅಲ್ಲೇ ನಿಂತು ಕೇಳೇನಿ. ಮುಂದ ಏನಾತು ನನಗೂ ಗೊತ್ತಾಗಲಿ."

ಓದಿದೆ. ನಾಲ್ಕೂ ಪುಟ. ಎಲ್ಲಿಯೂ ನಿಲ್ಲಲಿಲ್ಲ. ಹೊಸಮನಿ ಮಾಸ್ತರು ಮಾಡಿದ್ದು ಸರಿ ಎಂದು ಕೊನೆಯ ಸಾಲಿನಲ್ಲಿ ಸಿದ್ಧವಾಗಿತ್ತು. ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡು, ಛಲೋ ಬರದೀ ತಂಗಿ ಎಂದರು. ಆಮೇಲೆ ಹೇಳಿದರು:

"ಅವರಿದ್ದಿದ್ರ ಎಲ್ಲೋ ಒಂದ ಕಡೆ ತಡದು ನಿಲ್ಲಸತಿದ್ರು ನೋಡು. ಎಲ್ಲಿ ಅಂತ ನನಗ ತಿಳಿಯೂದಿಲ್ಲ."

ಮೂರನೆಯ ಪುಟದಲ್ಲಿ. ರೇಣುಕಾಳ ಹೆಸರು ಬರಬೇಕಾದ ಕಡೆ ನಾನು 'ಕೆಲವು ವಿದ್ಯಾರ್ಥಿಗಳು' ಎಂದು ಬರೆದಿದ್ದೆ. ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ನನಗೂ ತಿಳಿಯುವುದಿಲ್ಲ ಕಾಕು, ಅಂದೆ.